ಕ್ಲಿಕ್ಕಿಸುವ ಮೊದಲೋ, ಆಮೇಲೋ?

ಒಂದು ರೀಲಿಗೆ 36 ಫೋಟೊ. ಮುಗಿದರೆ ರೀಲು ಸುತ್ತಿ, ತೆಗೆದು, ಹೊಸದು ಹಾಕಬೇಕು. ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರೆಲ್ಲ ಕಾಡು ಸುತ್ತಿ ಫೋಟೊ ತೆಗೆದದ್ದು ಫಿಲ್ಮಿನ ಈ ಲೆಕ್ಕಾಚಾರದೊಳಗೇ. 2023ರಲ್ಲಿ ಸೋನಿ ಪ್ರಕಟಿಸಿದ ಎ9 ಸರಣಿಯ ಮೂರನೇ ಕ್ಯಾಮೆರಾ ಸೆಕೆಂಡಿಗೆ 120 ಫ್ರೇಮ್ ತೆಗೆಯುತ್ತದೆ. ಆ ವೇಗದಲ್ಲಿ ಹಳೇ ರೀಲು ಮುಗಿಯಲು ಸೆಕೆಂಡಿನ ಮೂರನೇ ಒಂದು ಭಾಗವೂ ಬೇಡ.

ಹಾಗಂತ ಹೀಗೆ ಎಡೆಬಿಡದೆ ಸಾಲುಸಾಲು ಫೋಟೊ ತೆಗೆಯುವ ಬರ್ಸ್ಟ್ ಡಿಜಿಟಲ್ ಕಾಲದ ಚಾಳಿ ಅಂದುಕೊಳ್ಳಬೇಡಿ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟರು. ಕುದುರೆ ಓಡುತ್ತಾ ಹೋದಂತೆ ಒಂದೊಂದೇ ಶಟರ್ ಬಿತ್ತು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿದ್ದು ಹಾಗೆ. 1882ರಲ್ಲಿ ಫ್ರಾನ್ಸಿನ ಎತಿಯೆನ್ ಜೂಲ್ ಮರೇ ಬಂದೂಕಿನಂಥ ಕ್ಯಾಮೆರಾ ಮಾಡಿ, ಹಾರುವ ಹಕ್ಕಿಗೆ ಗುರಿ ಹಿಡಿದು ಸೆಕೆಂಡಿಗೆ 12 ಚಿತ್ರ ತೆಗೆದರು. ಇಬ್ಬರ ಹತ್ತಿರವೂ ಒಂದು ಪ್ರಶ್ನೆ ಇತ್ತು. ಕಣ್ಣಿಗೆ ಸಿಗದ್ದನ್ನು ನೋಡಬೇಕಿತ್ತು. ಸುಮ್ನೆ ಗುಂಡಿ ಒತ್ತಿದವರಲ್ಲ.

ಆಮೇಲೆ 1959ರ ನಿಕಾನ್ ಎಫ್‌ಗೆ ರೀಲನ್ನು ತಾನೇ ಮುಂದೆ ಸುತ್ತುವ ಮೋಟರ್ ಡ್ರೈವ್ ಬಂತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹೊತ್ತಿಗೆ ಸೆಕೆಂಡಿಗೆ 14 ಫ್ರೇಮ್ ಓಡಿಸುವ ಫಿಲ್ಮ್ ಕ್ಯಾಮೆರಾ ಕ್ಯಾನನ್ ಹತ್ತಿರ ಇತ್ತು. ಆದರೆ ರೀಲಿಗೂ ದುಡ್ಡು, ತೊಳೆಸುವುದಕ್ಕೂ ದುಡ್ಡು. ಕೈ ತಾನಾಗಿಯೇ ಬಿಗಿಯಾಗುತ್ತಿತ್ತು. ಮೆಮೊರಿ ಕಾರ್ಡ್ ಬಂದ ಮೇಲೆ ಆ ಬಿಗಿ ಸಡಿಲವಾಯಿತು.

ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ವೇಗದ್ದಲ್ಲ. ಕ್ಲಿಕ್ಕಿಸುವ ಮೊದಲು ನಡೆಯುತ್ತಿದ್ದ ಆಯ್ಕೆ ಈಗ ಆಮೇಲೆ ನಡೆಯುತ್ತದೆ, ಅದು. ಕೆರೆಯ ಒಣಕೊಂಬೆ ಮೇಲೆ ಮಿಂಚುಳ್ಳಿ ಕೂತಿದೆ ಅನ್ನಿ. ತಲೆ ಮೇಲೆ ಕೆಳಗೆ ಆಡಿಸುತ್ತದೆ. ಕೊಕ್ಕು ನೀರಿನತ್ತ ವಾಲುತ್ತದೆ. ಮೈ ಬಿಗಿಯಾಗುತ್ತದೆ. ಈಗ ಧುಮುಕುತ್ತದೆ ಅಂತ ಗೊತ್ತಾಗಬೇಕಾದರೆ ಅದನ್ನು ಎಷ್ಟೋ ಹೊತ್ತು ನೋಡಿರಬೇಕು. ಈಗಿನ ಕೆಲವು ಕ್ಯಾಮೆರಾಗಳಲ್ಲಿ ಪ್ರೀ ಕ್ಯಾಪ್ಚರ್ ಅಂತ ಒಂದಿದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಸಾಕು, ಆಗಷ್ಟೇ ಕಳೆದ ಕ್ಷಣದ ಚಿತ್ರಗಳು ಕ್ಯಾಮೆರಾದ ನೆನಪಿನಲ್ಲಿರುತ್ತವೆ. ಹಕ್ಕಿ ಧುಮುಕಿದ ಮೇಲೆ ಪೂರ್ತಿ ಒತ್ತಿದರೂ ಧುಮುಕುವ ಮುಂಚಿನ ಚಿತ್ರ ಸಿಗುತ್ತದೆ! ಹಕ್ಕಿಯನ್ನು ಓದುವ ಅಗತ್ಯವೇ ಇಲ್ಲ. ಆರಿಸುವ ಕೆಲಸ ರಾತ್ರಿ ಕಂಪ್ಯೂಟರ್ ಮುಂದೆ ನಡೆಯುತ್ತದೆ. ಒಂದೇ ಥರದ ನೂರಾರು ಫ್ರೇಮುಗಳಲ್ಲಿ ರೆಕ್ಕೆ ಚೆನ್ನಾಗಿ ಬಿಚ್ಚಿರುವುದು ಯಾವುದು ಅಂತ ಹುಡುಕುವುದು. ಇದು ನನಗೆ ನಿಜವಾಗಿಯೂ ನಷ್ಟ ಅನ್ನಿಸುತ್ತದೆ.

ಹಾಗೆಂದು ನಿಧಾನವೆಲ್ಲ ಒಳ್ಳೆಯದು ಅಂತಲೂ ಅಲ್ಲ. ಗೂಡಿನ ಹತ್ತಿರ ಮರೆ ಕಟ್ಟಿ ಗಂಟೆಗಟ್ಟಲೆ ಕೂರುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಮರಿಗಳಿಗೆ ತೊಂದರೆಯಾಗುತ್ತದೆಂದು ಈಗ ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಕ್ಕಿಗೆ ಹಳೇ ಕ್ಯಾಮೆರಾದ ಕಟಕಟಕ್ಕಿಂತ ವಾಸಿ ಅಲ್ವಾ?

ಮಿಂಚುಳ್ಳಿ ನೀರಿಗೆ ಬೀಳುವ ಹೊತ್ತಿನಲ್ಲಿ ಬರ್ಸ್ಟ್ ಇರಲಿ. ಅಲ್ಲಿ ಮರೇ ಅವರ ಪ್ರಶ್ನೆ ಇನ್ನೂ ಇದೆ, ಕಣ್ಣಿಗೆ ಅದು ಸಿಗುವುದಿಲ್ಲ. ಕೊಂಬೆ ಮೇಲೆ ಸುಮ್ಮನೆ ಕೂತಿರುವ ತನಕ ಕ್ಯಾಮೆರಾವನ್ನು ಸಿಂಗಲ್ ಶಾಟ್‌ಗೆ ಹಾಕಿ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ನೋಡಿ.