ಸಿಎಂವಿ ರೆಟಿನೈಟಿಸ್: ಕಣ್ಣಿನ ಕಾಯಿಲೆಯೊಂದು ಆಯುಷ್ಯದ ಪ್ರಶ್ನೆಯಾದ ಬಗೆ

ಎಚ್‌ಐವಿ ಇರುವ, ಸಿಡಿ4 ಸಂಖ್ಯೆ (ರಕ್ತದಲ್ಲಿನ ಒಂದು ಬಗೆಯ ರೋಗನಿರೋಧಕ ಕೋಶಗಳ ಎಣಿಕೆ) 50ಕ್ಕಿಂತ ಕೆಳಗಿಳಿದ ರೋಗಿ "ಕಣ್ಣ ಮುಂದೆ ಸೊಳ್ಳೆ ಹಾರಿದಂತಾಗುತ್ತದೆ" ಎಂದರೆ ಕನ್ನಡಕದ ನಂಬರು ಹುಡುಕುತ್ತಾ ಕೂರಬಾರದು. ಸೈಟೊಮೆಗಾಲೊವೈರಸ್, ಅಂದರೆ ಸಿಎಂವಿ, ಬಹುತೇಕ ವಯಸ್ಕರ ಮೈಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ರೋಗನಿರೋಧಕ ಶಕ್ತಿ ಕುಸಿದಾಗ ಎದ್ದು, ರಕ್ತದ ಮೂಲಕ ಕಣ್ಣಿನ ಹಿಂಬದಿಯ, ಬೆಳಕು ಗ್ರಹಿಸುವ ಪದರವಾದ ರೆಟಿನಾ ಸೇರುತ್ತದೆ. ಇದೇ ಸಿಎಂವಿ ರೆಟಿನೈಟಿಸ್. ನೋವಿಲ್ಲ, ಕಣ್ಣು ಕೆಂಪಾಗುವುದೂ ಇಲ್ಲ. ಅಂಚಿನಲ್ಲಿ ಶುರುವಾದರೆ ರೋಗಿಗೆ ಏನೂ ತಿಳಿಯದಿರಬಹುದು. ಪಾಪೆ ಹಿಗ್ಗಿಸಿ ನೋಡಿದರೆ ರಕ್ತನಾಳಗಳ ಗುಂಟ ಬಿಳಿ ಮಚ್ಚೆ, ನಡುನಡುವೆ ರಕ್ತಸ್ರಾವ. ಪಠ್ಯಪುಸ್ತಕಗಳು ಇದನ್ನು ಪಿಜ್ಜಾಗೆ ಹೋಲಿಸುತ್ತವೆ. ನನಗೆ ನೆನಪುಳಿದದ್ದು ದಾಳಿಂಬೆ ಕಾಳು ಚೆಲ್ಲಿದ ಮೊಸರನ್ನ. ಸತ್ತ ರೆಟಿನಾ ಮರಳುವುದಿಲ್ಲ, ಔಷಧ ಹರಡುವಿಕೆಯನ್ನಷ್ಟೇ ತಡೆಯುತ್ತದೆ.

ಈಗ ಅಮೆರಿಕದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗಕ್ಕೆ ಬರೋಣ. ಸಿಎಂವಿ ರೆಟಿನೈಟಿಸ್ ಇದ್ದ 234 ಏಡ್ಸ್ ರೋಗಿಗಳಲ್ಲಿ ಕೆಲವರಿಗೆ ಗ್ಯಾನ್ಸಿಕ್ಲೋವಿರ್, ಉಳಿದವರಿಗೆ ಫಾಸ್ಕಾರ್ನೆಟ್; ಎರಡೂ ಸಿಎಂವಿಯನ್ನು ತಡೆಯುವ ಔಷಧಗಳು. ಕಣ್ಣಿನ ಮಟ್ಟಿಗೆ ಎರಡೂ ಸಮಸಮ: ರೋಗ ಮತ್ತೆ ಮುಂದುವರಿಯಲು ಹಿಡಿದ ಮಧ್ಯಕ ಅವಧಿ 56 ಮತ್ತು 59 ದಿನ. ಆದರೆ ಬದುಕುಳಿದ ಮಧ್ಯಕ ಅವಧಿ ಗ್ಯಾನ್ಸಿಕ್ಲೋವಿರ್ ಗುಂಪಿನಲ್ಲಿ 8.5 ತಿಂಗಳು, ಫಾಸ್ಕಾರ್ನೆಟ್ ಗುಂಪಿನಲ್ಲಿ 12.6. ಕಣ್ಣನ್ನು ಅಳೆಯಲು ಹೊರಟವರಿಗೆ ಸಿಕ್ಕಿದ್ದು ಆಯುಷ್ಯದ ವ್ಯತ್ಯಾಸ!

ಕಾರಣ? ಫಾಸ್ಕಾರ್ನೆಟ್‌ಗೆ ಎಚ್‌ಐವಿಯ ಮೇಲೂ ಒಂದಿಷ್ಟು ಹಿಡಿತವಿದೆ. ಗ್ಯಾನ್ಸಿಕ್ಲೋವಿರ್ ಮತ್ತು ಎಚ್‌ಐವಿಗೆ ಕೊಡುವ ಜಿಡೊವುಡಿನ್ ಎರಡೂ ಮೂಳೆಮಜ್ಜೆಯನ್ನು ಕುಗ್ಗಿಸುವುದರಿಂದ ಜೊತೆಯಾಗಿ ಕೊಡುವುದು ಕಷ್ಟ. ಆದರೂ ಎಚ್‌ಐವಿ ಔಷಧದ ಈ ವ್ಯತ್ಯಾಸವೊಂದರಿಂದಲೇ ಪೂರ್ತಿ ವಿವರಣೆ ಸಿಗಲಿಲ್ಲ. ಹಾಗೆಂದು "ಫಾಸ್ಕಾರ್ನೆಟ್ ಮೇಲು" ಎಂದು ಕಣ್ಣುಮುಚ್ಚಿ ಬರೆಯಬೇಡಿ. ಅದು ಮೂತ್ರಪಿಂಡಕ್ಕೆ ವಿಷ. ಮೂತ್ರಪಿಂಡ ಮೊದಲೇ ಸೊರಗಿದ್ದವರಿಗೆ ಈ ಲಾಭ ದಕ್ಕಲಿಲ್ಲ.

1996ರ ಹೊತ್ತಿಗೆ ಬಂದ ಸಂಯುಕ್ತ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಹಲವು ಔಷಧಗಳ ಜೋಡಿ ಚಿಕಿತ್ಸೆ, ಚಿತ್ರವನ್ನೇ ಬದಲಿಸಿತು. ನಮ್ಮಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು, ಕರ್ನಾಟಕವೂ ಮೊದಲ ರಾಜ್ಯಗಳ ಪಟ್ಟಿಯಲ್ಲಿತ್ತು. ಆದರೆ ಎಆರ್‌ಟಿಯಿಂದ ಚೇತರಿಸುವ ರೋಗನಿರೋಧಕ ಶಕ್ತಿಯೇ ಕೆಲವೊಮ್ಮೆ ಕಣ್ಣಿನೊಳಗೆ ಉರಿಯೂತ ಎಬ್ಬಿಸುವುದುಂಟು.

ಕಣ್ಣಿನೊಳಗೆ ಕೊಡುವ ಗ್ಯಾನ್ಸಿಕ್ಲೋವಿರ್ ಚುಚ್ಚುಮದ್ದು ಆ ಒಂದು ಕಣ್ಣಿಗಷ್ಟೇ ಕಾವಲು. ಇನ್ನೊಂದು ಕಣ್ಣು, ಕರುಳು, ಮಿದುಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅವಕ್ಕೆ ವ್ಯಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆಯಂತಹ, ಇಡೀ ದೇಹಕ್ಕೆ ತಲುಪುವ ಔಷಧವೇ ಬೇಕು. ಆದ್ದರಿಂದಲೇ ದೂರು ಬಲಗಣ್ಣಿನದ್ದಾದರೂ ಪಾಪೆ ಹಿಗ್ಗಿಸುವ ಹನಿಯನ್ನು ಎಡಗಣ್ಣಿಗೂ ಹಾಕಬೇಕು.