ಮುಲಾಮಿಗೆ ಜಗ್ಗದ ಕೆಂಪು ಗುಳ್ಳೆ

ಮೊಣಕಾಲ ಕೆಳಗೆ ಒಂದೇ ಒಂದು ಕೆಂಪು ಗುಳ್ಳೆ, ಒಂದೆರಡು ಸೆಂಟಿಮೀಟರ್ ಅಗಲ, ಸ್ವಲ್ಪ ಉಬ್ಬಿದೆ, ಮೇಲೆ ಒದ್ದೆಒದ್ದೆ ಹೊಳಪು, ಅಂಚಲ್ಲಿ ತೆಳ್ಳಗೆ ಹೊಟ್ಟು ಎದ್ದಿದೆ. ನೋಡಿದವ್ರು ಇಸಬು ಅಂತಾರೆ, ಇಲ್ಲಾ ಸೋರಿಯಾಸಿಸ್ ಅಂತಾರೆ, ಸ್ಟೀರಾಯ್ಡ್ ಮುಲಾಮು ಬರ್ಕೊಡ್ತಾರೆ, ತಿಂಗಳುಗಟ್ಲೆ ಹಚ್ಚಿದ್ರೂ ಅದು ಜಪ್ಪಯ್ಯ ಅನ್ನಲ್ಲ, ಬಟ್ಟೆ ತಗುಲಿದ್ರೆ ರಕ್ತ ಬೇರೆ ಬರುತ್ತೆ. ಇಲ್ಲೇ ಅನುಮಾನ ಬರ್ಬೇಕು. ಸೋರಿಯಾಸಿಸ್ ಸಾಮಾನ್ಯವಾಗಿ ಮೊಣಕೈ, ಮೊಣಕಾಲು, ತಲೆ ಅಂತ ಹಲವು ಕಡೆ ಇರುತ್ತೆ, ಹೀಗೆ ಒಂಟಿಯಾಗಿ ವರ್ಷಗಟ್ಲೆ ಕೂರೋದು ಕಮ್ಮಿ.

ಇದು ಕ್ಲಿಯರ್ ಸೆಲ್ ಅಕಾಂಥೋಮಾ ಇರ್ಬಹುದು. ಕ್ಯಾನ್ಸರ್ ಅಲ್ಲದ, ಅಪರೂಪದ ಗಡ್ಡೆ, ಫ್ರಾನ್ಸಿನ ಚರ್ಮವೈದ್ಯ ಡೆಗೋ ಮತ್ತು ಜೊತೆಗಾರರು 1962ರಲ್ಲಿ ವಿವರಿಸಿದ್ದು, ಹೆಚ್ಚಾಗಿ ಮಧ್ಯವಯಸ್ಸು ದಾಟಿದವರ ಕಾಲಲ್ಲೇ ಕಾಣೋದು. ಡರ್ಮೋಸ್ಕೋಪ್ (ಚರ್ಮ ದೊಡ್ಡದಾಗಿ ತೋರಿಸೋ ಬೆಳಕಿನ ಭೂತಗನ್ನಡಿ) ಇಟ್ಟು ನೋಡಿದ್ರೆ ಮಜಾ ಇದೆ: ಸೋರಿಯಾಸಿಸ್‌ನಲ್ಲಿ ರಕ್ತನಾಳಗಳು ಕೆಂಪು ಚುಕ್ಕಿಗಳಾಗಿ ಎಲ್ಲಾ ಕಡೆ ಒಂದೇ ಸಮ ಹರಡಿರ್ತವೆ, ಇದರಲ್ಲಿ ಅದೇ ಚುಕ್ಕಿಗಳು ಮುತ್ತಿನ ಸರದ ಹಾಗೆ ಸಾಲುಸಾಲಾಗಿ ಸುತ್ಕೊಂಡಿರ್ತವೆ. ಬಯಾಪ್ಸಿಯಲ್ಲಿ, ಅಂದ್ರೆ ಒಂದು ಚೂರು ಚರ್ಮ ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೆ, ಜೀವಕೋಶಗಳು ಬಿಳಿಚಿಕೊಂಡ ಹಾಗೆ ಕಾಣ್ತವೆ, ಯಾಕಂದ್ರೆ ಒಳಗೆ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆಯ ರೂಪ) ತುಂಬಿರುತ್ತೆ, ಪಿಎಎಸ್ ಅನ್ನೋ ಬಣ್ಣ ಹಾಕಿದ್ರೆ ಆ ಗ್ಲೈಕೋಜನ್ನೇ ಗಾಢ ಗುಲಾಬಿ ಆಗುತ್ತೆ, ಪಕ್ಕದ ಆರೋಗ್ಯವಾದ ಚರ್ಮಕ್ಕೂ ಇದಕ್ಕೂ ನಡುವೆ ಗೆರೆ ಎಳೆದಷ್ಟು ಸ್ಪಷ್ಟ ಗಡಿ.

ಮುಖದ ಮೇಲೆ ಇನ್ನೊಂದು ಮೋಸ ನಡೆಯುತ್ತೆ. ಮೂಗಿನ ಅಕ್ಕಪಕ್ಕ, ಕೆನ್ನೆ ಮೇಲೆ ಸಣ್ಣ ಕೆಂಪು ಗುಳ್ಳೆಗಳು, ಮೊಡವೆ ಅನ್ಕೊಂಡು ಕ್ರೀಮ್ ಹಚ್ತಾನೇ ಇರ್ತಾರೆ. ಆದ್ರೆ ನಾಲ್ಕು ವರ್ಷದ ಮಗುಗೆ ಎಲ್ಲಿಯ ಮೊಡವೆ? ಕೀವಿಲ್ಲ, ಬ್ಲ್ಯಾಕ್‌ಹೆಡ್ ಇಲ್ಲ, ಬಂದು ಹೋಗೋದೂ ಇಲ್ಲ. ಇವು ಆಂಜಿಯೋಫೈಬ್ರೋಮಾ (ರಕ್ತನಾಳ, ನಾರಿನ ಅಂಗಾಂಶ ಸೇರಿ ಆಗೋ ಕ್ಯಾನ್ಸರ್ ಅಲ್ಲದ ಗಂಟು) ಆಗಿದ್ರೆ ಹಿಂದೆ ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನೋ ಆನುವಂಶಿಕ ಕಾಯಿಲೆ ಇರ್ಬಹುದು, ಜೊತೆಗೆ ಮೈಮೇಲೆ ಬಿಳಿ ಮಚ್ಚೆ, ಫಿಟ್ಸ್ ಏನಾದ್ರೂ ಇದ್ಯಾ ಅಂತ ಕೇಳ್ಲೇಬೇಕು. ಗುಳ್ಳೆ ನಿರುಪದ್ರವಿ, ಆದ್ರೆ ಈ ಕಾಯಿಲೆ ಒಳಗಿನ ಅಂಗಗಳಿಗೂ ತಟ್ಟೋದ್ರಿಂದ ಮೆದುಳು, ಕಿಡ್ನಿ ನೋಡಿಸ್ಬೇಕಾಗುತ್ತೆ, ನನ್ನ ಪ್ರಕಾರ ಮೊಡವೆ ಅಂತ ತಳ್ಳಿಹಾಕೋದ್ರ ನಿಜವಾದ ನಷ್ಟ ಇದೇ. ಈ ಗುಳ್ಳೆಗಳಿಗೆ ಹಚ್ಚೋ ಸಿರೋಲಿಮಸ್ ಅನ್ನೋ ಔಷಧಿಯ ಜೆಲ್‌ಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ.

ಹಾಗಂತ ಕಂಡಕಂಡ ಗುಳ್ಳೆಗೆಲ್ಲಾ ಬಯಾಪ್ಸಿ ಮಾಡಿಸ್ಬೇಕಿಲ್ಲ. ಒಂಟಿಯಾಗಿರೋದು, ಮದ್ದಿಗೆ ಬಗ್ಗದ್ದು, ಸುಮ್ಸುಮ್ನೆ ರಕ್ತ ಬರೋದು ಇದ್ರೆ ಮಾತ್ರ ಮುಲಾಮು ಬದಲಾಯಿಸೋ ಬದ್ಲು ಒಂದು ಚೂರು ಚರ್ಮ ಲ್ಯಾಬಿಗೆ ಕಳ್ಸೋದು ವಾಸಿ, ಯಾಕಂದ್ರೆ ಬಣ್ಣವಿಲ್ಲದ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರ್ಬಹುದು.