ಹಳೇ ಪ್ಲೇನರ್‌ಗೆ ಪಾರ್ಟ್ಸ್: ಹೆಸರು ಬಿಡಿ, ಅಳತೆ ಹಿಡಿದು ಹೋಗಿ

ಪ್ರಶ್ನೆ: ನನ್ನ ತಮ್ಮ ಮುಲ್ಕಿಯಲ್ಲಿ ಸರ್ಫಿಂಗ್ ಕಲಿತ. ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಕೊಟ್ಟಿಗೆಯಲ್ಲೇ ಸರ್ಫ್ ಬೋರ್ಡ್ ಮಾಡ್ತಿದ್ದಾನೆ. ಅವನಿಗೆ ಅಮೆರಿಕದ ಹಳೇ ಸ್ಕಿಲ್ 100 ಪ್ಲೇನರ್, ಅಂದರೆ ಕರೆಂಟಿನಲ್ಲಿ ಓಡುವ ಕೀಸುಳಿ, ಸಿಕ್ಕಿದೆ. ಮಳೆಗಾಲ ಮುಗಿದ ಮೇಲೆ ಹಾಕಿ ನೋಡಿದರೆ ಒಳಗೆ ಕಿಡಿ ಹಾರುತ್ತೆ, ನಿಂತು ನಿಂತು ಓಡುತ್ತೆ. ಶಿವಮೊಗ್ಗದಲ್ಲಿ ವಿಚಾರಿಸಿದರೆ ‘ಇದರ ಪಾರ್ಟ್ಸ್ ಎಲ್ಲೂ ಸಿಗಲ್ಲ, ಹೊಸದು ತಗೊಳ್ಳಿ’ ಅಂದರು. ನಿಜವಾಗ್ಲೂ ಸಿಗಲ್ವಾ?

ಸಿಗುತ್ತೆ. ಆದರೆ ‘ಸ್ಕಿಲ್ 100ರ ಬ್ರಷ್ ಕೊಡಿ’ ಅಂತ ಕೇಳಿದರೆ ಸಿಗೋದಿಲ್ಲ. (ಬ್ರಷ್ ಅಂದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು.) ಆ ಮಾಡೆಲ್ ನಿಂತು ಎಷ್ಟೋ ವರ್ಷ ಆಯಿತು. ‘ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ದಪ್ಪದ ಕಾರ್ಬನ್ ಬ್ರಷ್ ಇದೆಯಾ’ ಅಂತ ಕೇಳಿ, ಅಂಗಡಿಯವರು ಡಬ್ಬ ಕೆಳಗಿಳಿಸುತ್ತಾರೆ. ಬ್ರಷ್, ಬೇರಿಂಗ್, ವೈರ್, ಸ್ವಿಚ್ ಇವಕ್ಕೆಲ್ಲ ಅಳತೆ ಮುಖ್ಯ, ಕಂಪನಿ ಹೆಸರಲ್ಲ. ಹಾಗಾಗಿ ಮೊದಲು ಸೂಕ್ಷ್ಮವಾಗಿ ಅಳೆಯೋಕೆ ಒಂದು ವರ್ನಿಯರ್ ಕ್ಯಾಲಿಪರ್ ಕೊಳ್ಳಿ.

ಹೊಸದು ತಗೊಳ್ಳಿ ಅಂದವರ ತಪ್ಪೂ ಇಲ್ಲ. ಬಾಗಿಲ ಚೌಕಟ್ಟು ಕೀಸುವ ಬಡಗಿಗೆ ಮಕಿತಾದ 82 ಮಿಲಿಮೀಟರ್ ಪ್ಲೇನರ್ ಧಾರಾಳ ಸಾಕು. ಒಂದು ಆಳಕ್ಕೆ ಇಟ್ಟುಕೊಂಡು ಓಡಿಸಿದರಾಯಿತು. ಸರ್ಫ್ ಬೋರ್ಡಿನ ಕೆಲಸ ಬೇರೆ. ಅದು ಫೋಮಿನ ದಿಮ್ಮಿ, ನಡುವೆ ಉದ್ದಕ್ಕೂ ಒಂದು ತೆಳು ಮರದ ಪಟ್ಟಿ. ಮಧ್ಯದಲ್ಲಿ ದಪ್ಪ ಉಳಿಯಬೇಕು, ತುದಿಗೆ ಹೋಗ್ತಾ ತೆಳುವಾಗಬೇಕು. ಸ್ಕಿಲ್ 100ರಲ್ಲಿ ಮುಂದುಗಡೆ ಒಂದು ಲಿವರ್ ಇದೆ. ಮಶೀನು ಓಡುತ್ತಿರುವಾಗಲೇ ಕೈಯಲ್ಲಿ ಅದನ್ನು ಸರಿಸಿ ಆಳ ಹೆಚ್ಚು ಕಡಿಮೆ ಮಾಡಬಹುದು. ಒಂದೇ ಎಳೆತದಲ್ಲಿ ಇಳಿಜಾರು ಬರುತ್ತೆ, ಮೆಟ್ಟಿಲು ಬೀಳೋದಿಲ್ಲ. ಬೋರ್ಡ್ ಮಾಡುವವರು ಈ ಹಳೇ ಮಶೀನನ್ನು ಬಿಡದಿರೋದು ಇದಕ್ಕೇ. ನಿಮ್ಮ ತಮ್ಮನೂ ಬಿಡಬಾರದು.

ಈಗ ಕಿಡಿಯ ವಿಷಯ. ಪ್ಲಗ್ ತೆಗೆದು, ಎರಡೂ ಪಕ್ಕದ ಬ್ರಷ್ ಮುಚ್ಚಳ ಬಿಚ್ಚಿ. ಹೋದ ವರ್ಷ ನನ್ನ ಬೆಂಚಿಗೆ ಫೋಮ್ ಕೆಲಸದ ಒಂದು ಪ್ಲೇನರ್ ಬಂದಿತ್ತು. ಮುಚ್ಚಳ ತೆಗೆದರೆ ಸ್ಪ್ರಿಂಗ್ ಹಾರಬೇಕು, ಹಾರಲಿಲ್ಲ. ಕಾರ್ಬನ್ ಪುಡಿ, ಫೋಮಿನ ಹಿಟ್ಟು, ಮೂರು ತಿಂಗಳ ಮಳೆಯ ತೇವ ಎಲ್ಲ ಸೇರಿ ಒಲೆಯ ಮಸಿಯ ಹಾಗೆ ಗಟ್ಟಿಯಾಗಿ, ಬ್ರಷ್ ಗೂಡಲ್ಲೇ ಅಂಟಿಕೊಂಡಿತ್ತು. ಬ್ರಷ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು! ಸ್ಪ್ರಿಂಗಿಗೆ ಅದನ್ನು ತಳ್ಳೋಕೆ ಆಗ್ತಿರಲಿಲ್ಲ, ಅಷ್ಟೆ. ಕಡ್ಡಿಗೆ ಬಟ್ಟೆ ಸುತ್ತಿ ಗೂಡು ಒರೆಸಿದೆ. ಬ್ರಷ್ ತಾನಾಗೇ ಜಾರೋಕೆ ಶುರುವಾಯಿತು, ಕಿಡಿ ನಿಂತಿತು. ನಿಮ್ಮದೂ ಇದೇ ಆಗಿರಬಹುದು. ಒಂದು ರೂಪಾಯಿ ಖರ್ಚು ಮಾಡೋ ಮೊದಲು ಇದನ್ನು ನೋಡಿ.

ಬ್ರಷ್ ಸವೆದಿದ್ದರೆ ಸ್ವಲ್ಪ ದೊಡ್ಡದನ್ನೇ ತನ್ನಿ. ಗಾಜಿನ ಮೇಲೆ ನುಣುಪು ಎಮರಿ ಪೇಪರ್ ಇಟ್ಟು, ನಾಲ್ಕೂ ಮುಖ ಸಮನಾಗಿ ಉಜ್ಜಿ ಅಳತೆಗೆ ತನ್ನಿ. ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಅಲುಗಾಡಬಾರದು. ಒಮ್ಮೆ ನಾನು ಕೈಗೆ ಸಿಕ್ಕ ಸಣ್ಣ ಮಿಕ್ಸಿ ಬ್ರಷ್ ಹಾಕಿದೆ. ಅದು ಓರೆಯಾಗಿ ಕೂತು, ಕಮ್ಯುಟೇಟರ್ ಮೇಲೆ, ಅಂದರೆ ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಯ ಮೇಲೆ, ಗೆರೆ ಬೀಳಿಸಿತು. ಆಮೇಲೆ ಆರ್ಮೇಚರನ್ನು (ಮೋಟರಿನ ತಿರುಗುವ ಭಾಗ) ಲೇತಿಗೆ ಹಾಕಿಸಬೇಕಾಯಿತು. ಇನ್ನೊಂದು ಮಾತು: 115 ವೋಲ್ಟಿನ ಮಶೀನು ಅಷ್ಟೇ ಕೆಲಸಕ್ಕೆ ನಮ್ಮ 230 ವೋಲ್ಟಿನ ಮಶೀನಿನ ಎರಡರಷ್ಟು ಆಂಪ್ ಎಳೆಯುತ್ತೆ. ಮಿಕ್ಸಿ ಬ್ರಷ್ ಆ ಬಿಸಿ ತಡೆಯೋದು ಕಷ್ಟ. ಪವರ್ ಟೂಲ್ ಬ್ರಷ್ಷೇ ಕೇಳಿ.

ಕಮ್ಯುಟೇಟರಿನ ಬಣ್ಣ ನೋಡಿ. ಕಾಫಿ ಬಣ್ಣದ ಸಮನಾದ ಹೊಳಪು ಇದ್ದರೆ ಚೆನ್ನಾಗಿದೆ ಅಂತ ಅರ್ಥ. ಒಂದೆರಡು ಪಟ್ಟಿ ಮಾತ್ರ ಕಪ್ಪಗೆ ಸುಟ್ಟಿದ್ದರೆ ವೈಂಡಿಂಗ್ ತುಂಡಾಗಿರಬಹುದು. ಅದಕ್ಕೂ ದಾರಿ ಇದೆ. ಅಡಿಕೆ ತೋಟದ ಪಂಪ್‌ಸೆಟ್ ಇರೋ ಕಡೆಯೆಲ್ಲ ಮೋಟರ್ ವೈಂಡಿಂಗ್ ಅಂಗಡಿ ಇರುತ್ತೆ, ಮಲೆನಾಡಲ್ಲಿ ಅದಕ್ಕೆ ಬರವಿಲ್ಲ. ಆದರೆ ಸಣ್ಣ ಆರ್ಮೇಚರ್ ಸುತ್ತುವ ಕೈ ಬೇರೆ. ಡ್ರಿಲ್, ಗ್ರೈಂಡರ್ ಮಾಡುವವರ ಹತ್ತಿರವೇ ಹೋಗಿ. ಹಳೇ ತಂತಿಯ ದಪ್ಪ, ಸುತ್ತಿನ ಲೆಕ್ಕ ಬರೆದಿಟ್ಟುಕೊಂಡೇ ಬಿಚ್ಚೋಕೆ ಹೇಳಿ.

ಬೇರಿಂಗ್ ಸುಲಭ. ಅಂಚಿನ ಮೇಲೆ ನಂಬರ್ ಕೊರೆದಿರುತ್ತೆ. 608 ಅಂದರೆ ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. 6201 ಅಂದರೆ 12, 32, 10. ಜಗತ್ತಿನಲ್ಲಿ ಎಲ್ಲಿ ಕೊಂಡರೂ ಇದೇ ಅಳತೆ. ಅಮೆರಿಕದ ಹಳೇ ಮಶೀನಿನಲ್ಲಿ ಇಂಚಿನ ಬೇರಿಂಗ್ ಇರಬಹುದು, ಅದರ ನಂಬರ್ ಸಾಮಾನ್ಯವಾಗಿ ಇಂಗ್ಲಿಷಿನ ಆರ್ (R) ಅಕ್ಷರದಿಂದ ಶುರುವಾಗುತ್ತೆ. ಮಿಲಿಮೀಟರ್ ಬೇರಿಂಗನ್ನು ಅಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸೋಕೆ ಹೋಗಬೇಡಿ. ಬೇರಿಂಗ್ ಅಂಗಡಿಯಲ್ಲಿ ಹೇಳಿದರೆ ತರಿಸಿಕೊಡುತ್ತಾರೆ.

ಬ್ಲೇಡ್ ಸಾಣೆ ಹಿಡಿಸಿದ ಮೇಲೆ ಎರಡನ್ನೂ ತೂಗಿ. ಚಿನ್ನದಂಗಡಿಯ ತಕ್ಕಡಿ ಆದರೆ ಒಳ್ಳೇದು. ಒಂದು ಭಾರ, ಒಂದು ಹಗುರ ಆದರೆ ಆ ವೇಗಕ್ಕೆ ಮಶೀನು ನಡುಗುತ್ತೆ, ಹೊಸ ಬೇರಿಂಗೂ ಬಾಳೋದಿಲ್ಲ. ಕೂರಿಸುವಾಗ ಪ್ಲಗ್ ತೆಗೆದಿರಲಿ. ಹಿಂದಿನ ತಳದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಡ್ರಮ್ ಕೈಯಿಂದ ತಿರುಗಿಸಿ. ಬ್ಲೇಡ್ ಸ್ಕೇಲಿಗೆ ಸುಮ್ನೆ ತಾಗಿದ ಹಾಗೆ ತಾಗಿ ಹೋಗಬೇಕು, ಎತ್ತಬಾರದು. ಬ್ಲೇಡ್ ಮೊಂಡಾದರೆ ಫೋಮ್ ಹೇಗೋ ಹೋಗುತ್ತೆ, ನಡುವಿನ ಮರದ ಪಟ್ಟಿ ಮಾತ್ರ ಏಣಿನ ಹಾಗೆ ಎದ್ದು ನಿಲ್ಲುತ್ತೆ.

ಸುಲಭಕ್ಕೆ ಸಿಗದ ಭಾಗ ಯಾವುದು ಅಂದರೆ ಆ ಲಿವರ್, ಅದರ ಒಳಗಿನ ತಿರುಪು, ಮುಂದಿನ ತಳ. ಇವನ್ನು ಕಣ್ಣಿನ ಹಾಗೆ ಕಾಪಾಡಿ. ಬಿಗಿಯಾಗಿದೆ ಅಂತ ಪ್ಲೈಯರ್ ಹಾಕಿ ತಿರುಗಿಸಬೇಡಿ. ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬಿಚ್ಚುವಾಗ ಒಂದೊಂದು ಹೆಜ್ಜೆಗೂ ಫೋಟೊ ತೆಗೆಯಿರಿ. ಸವೆದ ಬುಶ್ಶನ್ನು ಎಸೀಬೇಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಲೇತ್ ಕೆಲಸದವರಿಗೆ ಸ್ಯಾಂಪಲ್ ಕೊಟ್ಟರೆ ಹಿತ್ತಾಳೆಯಲ್ಲಿ ಹೊಸದು ಮಾಡಿಕೊಡ್ತಾರೆ. ಸ್ಯಾಂಪಲ್ ಇಲ್ಲದೆ ಯಾರೂ ಮಾಡಲಾರರು. ತಳವೇ ಒಡೆದಿದ್ದರೆ ಇರೋದು ಒಂದೇ ಉಪಾಯ: ಮೋಟರ್ ಸುಟ್ಟ ಇನ್ನೊಂದು ಸ್ಕಿಲ್ 100 ಹುಡುಕೋದು. ವಿದೇಶದಿಂದ ಬರುವ ನೆಂಟರಿಗೆ ಹೇಳಿಡಿ.

ಕರೆಂಟಿನ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತೆ, 110 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಹೆಸರುಪಟ್ಟಿಯ ಆಂಪನ್ನು ವೋಲ್ಟಿನಿಂದ ಗುಣಿಸಿ, ಬಂದದ್ದರ ಒಂದೂವರೆ ಪಟ್ಟಾದರೂ ಸಾಮರ್ಥ್ಯ ಇರೋ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಲೈನಿನ ಕೊನೆ ಮನೆಯಲ್ಲಿ ಸಂಜೆ ಹೊತ್ತು 180 ವೋಲ್ಟ್ ಬಂತು ಅಂದುಕೊಳ್ಳಿ, ಮಶೀನಿಗೆ ಸಿಗೋದು ಬರೀ 86. ಎಳೆಯಲ್ಲ ಅಂತ ಒತ್ತಿದಷ್ಟೂ ಬಿಸಿಯಾಗುತ್ತೆ. ಆ ಹೊತ್ತಲ್ಲಿ ಕೆಲಸ ನಿಲ್ಲಿಸೋದೇ ಸರಿ. ಲೋಹದ ಮೈಯ ಮಶೀನು, ಕೊಟ್ಟಿಗೆಯ ತೇವದ ನೆಲ ಬೇರೆ. ಹಳೇ ಎರಡೆಳೆ ವೈರ್ ಇದ್ದರೆ ಕಿತ್ತು ಮೂರೆಳೆಯದು ಹಾಕಿಸಿ, ಮೈಗೆ ಅರ್ತ್ ಕೊಡಿಸಿ. ಮಳೆಗಾಲ ಕಳೆದ ಮೇಲೆ ಮೊದಲ ಸಲ ಹಾಕೋ ಮುಂಚೆ ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಕರೆಂಟ್ ಮೈಗೆ ಸೋರುತ್ತಾ ಅಂತ ನೋಡುವ ಮೀಟರ್) ಇಟ್ಟು ನೋಡಿಸಿ.

ತಳಕ್ಕೆ ತೇವ ತಾಗದ ಹಾಗೆ ತೆಳ್ಳಗೆ ಎಣ್ಣೆ ಸವರಿ ಎತ್ತಿಡಿ. ಆದರೆ ಫೋಮಿನ ಮೇಲೆ ಇಡುವ ಮೊದಲು ಪೂರ್ತಿ ಒರೆಸಬೇಕು. ಎಣ್ಣೆ ತಾಗಿದ ಜಾಗದಲ್ಲಿ ರೆಸಿನ್ (ಫೋಮಿನ ಮೇಲೆ ಹಚ್ಚಿ ಗಟ್ಟಿ ಮಾಡುವ ಅಂಟು) ಹಿಡಿಯೋದಿಲ್ಲ. ತಮ್ಮನಿಗೆ ಮಾಸ್ಕ್ ಹಾಕಿಕೊಳ್ಳೋಕೂ ಹೇಳಿ, ಆ ಹಿಟ್ಟು ಮೋಟರಿಗಿಂತ ಮೊದಲು ಎದೆಗೆ ಹೋಗುತ್ತೆ.

ನಾಳೆ ಬ್ರಷ್ ಮುಚ್ಚಳ ಬಿಚ್ಚಿ ನೋಡಿ. ಬ್ರಷ್ಷಿನ ಮೂರು ಅಳತೆ, ಕಮ್ಯುಟೇಟರಿನ ಬಣ್ಣ ಬರೆದು ಕಳಿಸಿ. ಮುಂದೇನು ಅಂತ ಅದನ್ನು ನೋಡಿ ಹೇಳ್ತೇನೆ.